ಕಂಬದ ಮೇಲಿನ ಸಂಸಾರ

ತೋಲ್ಜೋರ್ ಮೊಹಲ್ಲಾದಲ್ಲಿ ಕಾರಿದ್ದವರ ಕಾರುಗಳೆಲ್ಲ ಬಿಳಿ. ಹಾಗೆಂದು ಕಾನೂನೇನೂ ಇರಲಿಲ್ಲ. ಫರ್ಗಾನಾ ಕಣಿವೆಯ ಬಿಸಿಲಿಗೆ ಬಿಳಿಯೇ ವಾಸಿ ಎಂದು ಒಬ್ಬ ಕೊಂಡ, ಅವನನ್ನು ನೋಡಿ ಇನ್ನೊಬ್ಬ ಕೊಂಡ, ಕೊನೆಗೆ ಬೀದಿಗೆ ಬೀದಿಯೇ ಬೆಳ್ಳಗಾಯಿತು. ಕಪ್ಪು ಕಾರಿನಲ್ಲಿ ಓಡಾಡುತ್ತಿದ್ದವರು ಜಿಲ್ಲೆಯನ್ನಾಳುವ ಅಧಿಕಾರಿ ಹಾಕಿಮರು ಮತ್ತು ಅವರ ಸುತ್ತಮುತ್ತಲಿನ ನಾಲ್ಕಾರು ದೊಡ್ಡ ಮನುಷ್ಯರು ಮಾತ್ರ. ಆದ್ದರಿಂದಲೇ ಹಮ್ರಾಕುಲ್ ಕಪ್ಪು ಕಾರು ಕೊಂಡ.

ಹಮ್ರಾಕುಲ್ ಹತ್ತಿ ಮಂಡಿಯಲ್ಲಿ ತೂಕದವನು. ವರ್ಷದಲ್ಲಿ ಎರಡು ತಿಂಗಳು ಹತ್ತಿ ತೂಗುವುದು, ಉಳಿದ ಹತ್ತು ತಿಂಗಳು ತಕ್ಕಡಿ ಕಾಯುವುದು ಅವನ ಕೆಲಸ. ಐವತ್ತು ದಾಟಿದ್ದರೂ ಅವನು ಬಂದನೆಂದು ಯಾರೂ ಎಲ್ಲಿಯೂ ಎದ್ದು ನಿಂತಿರಲಿಲ್ಲ. ಕಪ್ಪು ಕಾರು ಬಂದ ಮೊದಲ ದಿನ ಚಹಾ ಅಂಗಡಿಯ ಮಂಚಗಳ ಮೇಲೆ ಕೂತಿದ್ದ ಗಂಡಸರೆಲ್ಲ ಎದೆಯ ಮೇಲೆ ಕೈಯಿಟ್ಟು ಎದ್ದರು. ಒಳಗಿಂದ ಇಳಿದವನು ಹಮ್ರಾಕುಲ್ ಎಂದು ಗೊತ್ತಾದ ಮೇಲೆ, ಎದ್ದ ಶ್ರಮ ದಂಡವಾಯಿತಲ್ಲ ಎಂಬ ಮುಖ ಮಾಡಿಕೊಂಡು ಕೂತರು. ಆದರೂ ಎದ್ದದ್ದು ಎದ್ದಂತೆಯೇ. ಹಮ್ರಾಕುಲನಿಗೆ ಅಷ್ಟು ಸಾಕಾಗಿತ್ತು.

ಈ ಸುಖ ಹನ್ನೊಂದು ದಿನ ನಡೆಯಿತು. ಹನ್ನೆರಡನೆಯ ದಿನ, ಮಾರ್ಚ್ ಮೊದಲ ವಾರದಲ್ಲಿ, ನದಿಯ ಕಡೆಯಿಂದ ಎರಡು ಬಿಳಿ ಕೊಕ್ಕರೆಗಳು ಹಾರಿ ಬಂದು ಬೀದಿಯ ಕಂಬಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿ, ಹಮ್ರಾಕುಲನ ಬಾಗಿಲ ಮುಂದಿನ ವಿದ್ಯುತ್ ಕಂಬವನ್ನೇ ಮೆಚ್ಚಿಕೊಂಡವು. ಬೀದಿ ಇಕ್ಕಟ್ಟು. ಕಾರು ನಿಲ್ಲಿಸಲು ಆ ಕಂಬದ ಬುಡ ಬಿಟ್ಟರೆ ಬೇರೆ ಜಾಗವಿಲ್ಲ. ಮೇಲೆ ಗೂಡು ಏಳುತ್ತಿದ್ದ ಹಾಗೆ ಕೆಳಗೆ ಕಾರಿನ ಮೇಲೆ ಸುಣ್ಣ ಬೀಳತೊಡಗಿತು. ಬೆಳಿಗ್ಗೆ ತೊಳೆದರೆ ಮಧ್ಯಾಹ್ನಕ್ಕೆ ಮತ್ತೆ ಚಿತ್ತಾರ.

ಎದುರು ಮನೆಯ ಮಶ್ರಾಬ್ ನಾನ್ ರೊಟ್ಟಿ ಸುಡುವವನು. ಅವನ ಒಲೆಗಿಂತ ಅವನ ನಾಲಿಗೆ ಬಿಸಿ. "ಸ್ವಲ್ಪ ತಾಳ್ಕೊ ಅಣ್ಣ," ಎಂದ ಅವನು, ಹಿಟ್ಟಿನ ಕೈ ಒರೆಸಿಕೊಳ್ಳುತ್ತ. "ಇನ್ನೊಂದು ತಿಂಗಳಿಗೆ ನಿನ್ನ ಕಾರೂ ಬೆಳ್ಳಗಾಗಿ ನಮ್ಮ ಜೊತೆ ಸೇರ್ಕೊಳ್ಳುತ್ತೆ."

ಹಮ್ರಾಕುಲ್ ಕಾರಿಗೆ ದೊಡ್ಡ ಬಿಳಿ ಬಟ್ಟೆ ಹೊದಿಸಿ ನೋಡಿದ. ಹಾದು ಹೋಗುವ ಮುದುಕಿಯರು ಅದನ್ನು ಕಂಡು ನಿಂತು, ಕೈಯೆತ್ತಿ ಪ್ರಾರ್ಥನೆ ಹೇಳಿ, ಮನೆಯಲ್ಲಿ ಯಾರು ತೀರಿಕೊಂಡರೆಂದು ಅವನ ಹೆಂಡತಿ ಸನೋಬರಳನ್ನು ವಿಚಾರಿಸತೊಡಗಿದರು. ಸನೋಬರ್ ಮೂರನೆಯ ಮುದುಕಿಯ ಹೊತ್ತಿಗೆ ಬಟ್ಟೆ ಎಳೆದು ಒಗೆಯಲು ಹಾಕಿದಳು. ತಗಡಿನ ಡಬ್ಬ ಬಡಿದು ಹೆದರಿಸಿದರೆ ಕೊಕ್ಕರೆಗಳು ಕತ್ತನ್ನು ಹಿಂದಕ್ಕೆ ಬಾಗಿಸಿ, ಕೊಕ್ಕು ಕಟಕಟ ಬಡಿದು, ಅವನಿಗಿಂತ ಚೆನ್ನಾಗಿ ತಾಳ ಹಾಕಿದವು.

ಒಂದು ಗುರುವಾರ ಬೆಳಿಗ್ಗೆ ಹಮ್ರಾಕುಲ್ ಮಶ್ರಾಬನಿಗೆ ಕೇಳುವಂತೆ, "ಇವತ್ತು ಆ ಗೂಡು ಇರಬೇಕು, ಇಲ್ಲಾ ನಾನಿರಬೇಕು" ಎಂದು ಹೇಳಿ, ಮನೆಯ ಚಾವಣಿಯ ಮೇಲಿಂದ ಕಂಬಕ್ಕೆ ಏಣಿ ಆನಿಸಿ ಹತ್ತಿದ.

ಕೆಳಗಿನಿಂದ ನೋಡಿದಾಗ ಹೊರೆ ಸೌದೆಯಂತೆ ಕಾಣುತ್ತಿದ್ದ ಗೂಡು ಹತ್ತಿರ ಹೋದರೆ ಬಂಡಿ ಚಕ್ರದಷ್ಟು ಅಗಲವಿತ್ತು. ಹಮ್ರಾಕುಲ್ ಅಂಚಿನಿಂದ ನಾಲ್ಕು ಕಡ್ಡಿ ಎಳೆದ. ಐದನೆಯದಕ್ಕೆ ಕೈ ಹಾಕುವಷ್ಟರಲ್ಲಿ ಗಂಡು ಕೊಕ್ಕರೆ ಗದ್ದೆಯಿಂದ ಮರಳಿ ಬಂತು. ಬಂದದ್ದು ಸುಮ್ಮನೆ ಕೂರಲಿಲ್ಲ. ಅವನ ತಲೆಯ ಮೇಲಿದ್ದ ಕಸೂತಿ ಟೋಪಿಯನ್ನು ಕೊಕ್ಕಿನಿಂದೆತ್ತಿ ಗೂಡಿನ ನಡುವೆ ಇಟ್ಟು, ಅದರ ಮೇಲೆ ಒಂದು ಕಾಲೂರಿ ನಿಂತಿತು. ಮಂಡಿಯಲ್ಲಿ ಮನುಷ್ಯರು ಮನುಷ್ಯರಿಗೆ ಟೋಪಿ ಹಾಕುವುದನ್ನು ಮೂವತ್ತು ವರ್ಷ ನೋಡಿದ್ದ ಹಮ್ರಾಕುಲ್, ಹಕ್ಕಿ ಟೋಪಿ ಕಸಿದದ್ದನ್ನು ಮೊದಲ ಸಲ ನೋಡಿ, ಕೈಯಲ್ಲಿ ಕಡ್ಡಿ ಹಿಡಿದುಕೊಂಡೇ ಕಲ್ಲಾಗಿಬಿಟ್ಟ.

ಅದೇ ಗಳಿಗೆಯಲ್ಲಿ ಕೆಳಗೆ ಒಂದು ಜೀಪು ಬಂದು ನಿಂತಿತು.

ಇಳಿದವಳು ತಾಷ್ಕೆಂಟಿನ ಪಕ್ಷಿ ಸಂಘದ ದಿಲ್ರಬೋ. ಕೊಕ್ಕರೆಗಳ ಸಂಖ್ಯೆ ಕುಗ್ಗುತ್ತಿದೆಯೆಂದು, ಅವುಗಳನ್ನು ಉಳಿಸಿಕೊಳ್ಳಲು ಮೇ ತಿಂಗಳಲ್ಲಿ ಕಣಿವೆಯ ಯಾವುದಾದರೂ ಊರಿನಲ್ಲಿ ಕೊಕ್ಕರೆ ಹಬ್ಬ ನಡೆಸಬೇಕೆಂದು ಅವಳು ಊರು ಹುಡುಕುತ್ತಿದ್ದಳು. ಜೊತೆಗೆ ಮೊಹಲ್ಲಾದ ಅಧ್ಯಕ್ಷ ಅತಾಖಾನ್ ಇದ್ದ. ದಿಲ್ರಬೋ ತಲೆಯೆತ್ತಿ ನೋಡಿದಳು. ಏಣಿಯ ತುದಿಯಲ್ಲಿ ಬರಿದಲೆಯ ಮನುಷ್ಯ, ಅವನ ಕೈಯಲ್ಲಿ ಕಡ್ಡಿ, ಎದುರಿಗೆ ಶಾಂತವಾಗಿ ನಿಂತ ಕೊಕ್ಕರೆ, ಗೂಡಿನೊಳಗೆ ಮೆತ್ತಗೆ ಹಾಸಿದ ಟೋಪಿ. ಅವಳು ಫೋಟೋ ತೆಗೆದಳು. ಹಮ್ರಾಕುಲ್ ಕೆಳಗೆ ನೋಡಿದ, ಅಧ್ಯಕ್ಷನನ್ನು ಕಂಡ, ಕಡ್ಡಿಗಳನ್ನು ಒಂದೊಂದಾಗಿ ಗೂಡಿಗೆ ವಾಪಸ್ಸು ಸಿಕ್ಕಿಸಿದ. ಅದರದ್ದೂ ಫೋಟೋ ಆಯಿತು.

"ಆರು ಊರು ನೋಡಿ ಬಂದೆ," ಎಂದಳು ದಿಲ್ರಬೋ. "ಎಲ್ಲಾ ಕಡೆ ಗೂಡು ಕೀಳೋರೇ ಸಿಕ್ಕಿದ್ರು. ತಲೆಮೇಲಿನ ಟೋಪಿ ಹಾಸಿ ಗೂಡು ಕಟ್ಟಿಕೊಡೋರು ಇವರೊಬ್ಬರೇ."

ಅತಾಖಾನನಿಗೆ ಸಂಗತಿ ಏನೆಂದು ತಿಳಿದಿರಲಿಲ್ಲ. ಆದರೆ ಸಂಗತಿ ತಿಳಿಯುವ ತನಕ ಕಾದವನು ಹದಿನಾಲ್ಕು ವರ್ಷ ಅಧ್ಯಕ್ಷನಾಗಿ ಉಳಿಯಲಾರ. "ನಮ್ಮ ಮೊಹಲ್ಲಾದ ಹಳೇ ಪದ್ಧತಿ ತಾಯಿ ಇದು," ಎಂದ. "ವರ್ಷಾ ವರ್ಷಾ ಒಬ್ಬರನ್ನ ಹತ್ತಿಸ್ತೀವಿ. ಈ ವರ್ಷ ಇವನ ಪಾಳಿ."

ಹಮ್ರಾಕುಲ್ ಏಣಿ ಹತ್ತಿದ್ದೇಕೆಂಬ ನಿಜ ಅಲ್ಲಿ ಗೊತ್ತಿದ್ದವನು ಮಶ್ರಾಬ್ ಒಬ್ಬನೇ. ಅದು ಅವನ ತುಟಿಯವರೆಗೂ ಬಂದಿತ್ತು. ಅಷ್ಟರಲ್ಲಿ ದಿಲ್ರಬೋ, ಹಬ್ಬ ಇಲ್ಲಿಯೇ ಆಗುವುದಾದರೆ ಬರುವವರಿಗೆ ನಾನೂರು ನಾನ್ ಬೇಕಾಗುತ್ತದೆ, ಸುಡುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದಳು. ನಾನೂರು ನಾನ್ ಸೇರಿ ನಿಜವನ್ನು ಹಿಂದಕ್ಕೆ ನೂಕಿದವು.

ವಾರದೊಳಗೆ ಆ ಚಿತ್ರ ಜಿಲ್ಲೆಯ ಗೋಡೆಗಳ ಮೇಲೆಲ್ಲ ಬಂತು. ಹಮ್ರಾಕುಲನಿಗೆ 'ಕೊಕ್ಕರೆಗಳ ಬಂಧು' ಎಂಬ ಬಿರುದು ಸಿಕ್ಕಿತು. ಈಗ ಅವನು ನಡೆದೇ ಬಂದರೂ ಚಹಾ ಅಂಗಡಿಯಲ್ಲಿ ಜನ ಏಳುತ್ತಿದ್ದರು. ಆದರೆ ಬಂಧುತ್ವ ಕೊಕ್ಕರೆಗೇ ನಿಲ್ಲಲಿಲ್ಲ. ಸುತ್ತಲ ಹಳ್ಳಿಗಳ ಜನ ಕಾಲು ಮುರಿದ ಪಾರಿವಾಳ, ಒಕ್ಕಣ್ಣಿನ ಲಾವಕ್ಕಿ, ಎರಡು ಮುಳ್ಳುಹಂದಿ, ಆಮೆ, ಕೊನೆಗೆ ಊಟ ಬಿಟ್ಟ ಒಂದು ಸೀಮೆಕೋಳಿಯನ್ನೂ ತಂದು ಅವನ ಜಗಲಿಯಲ್ಲಿಟ್ಟು, ದೇವರು ನಿಮಗೆ ಆಯುಸ್ಸು ಕೊಡಲಿ ಎಂದು ಹರಸಿ ಹೋದರು. ಸನೋಬರ್ ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಒಂದು ನಿಟ್ಟುಸಿರು ಬಿಡುವ ಅಭ್ಯಾಸ ಮಾಡಿಕೊಂಡಳು. ಆಮೆಯೇನೋ ವಾಸಿ, ಮಾತಾಡುವುದಿಲ್ಲ ಎಂಬುದು ಅವಳ ಅಭಿಪ್ರಾಯವಾಗಿತ್ತು.

ಏಕೆಂದರೆ ಮಾತಾಡುವ ಜೀವ ಒಂದು ಕೋಕಂದ್ ಪಟ್ಟಣದಿಂದ ಬಂದು ಇಳಿದಿತ್ತು. ಅದು ಸನೋಬರಳ ಅಣ್ಣ ಶೋದಮಾನ್. ಇಪ್ಪತ್ತೆಂಟು ವರ್ಷ ಭಾವನ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದವನು ಗೋಡೆಯ ಮೇಲಿನ ಚಿತ್ರ ಕಂಡ ಮರುದಿನವೇ ಎರಡು ಕಲ್ಲಂಗಡಿ ಹೊತ್ತು ಬಂದ. ಹಮ್ರಾಕುಲನಿಗೆ ಹಕ್ಕಿಗಳ ಮೇಲೆ ಪ್ರೀತಿ ಹುಟ್ಟಿಸಿದವನು ತಾನೇ ಎಂದು ಬೀದಿಯಲ್ಲಿ ಹೇಳಿಕೊಂಡು ಬಂದು, ಮನೆಯೊಳಗೆ ಭಾವನನ್ನು ಕೂರಿಸಿಕೊಂಡು ಪಾಠ ಶುರು ಮಾಡಿದ.

"ಹಬ್ಬದ ದಿನ ಹಾಕಿಮರ ಕಡೆಯವರು ಪ್ರಶ್ನೆ ಕೇಳ್ತಾರೆ. ಕೊಕ್ಕರೆ ಏನು ತಿನ್ನುತ್ತೆ ಭಾವ?"

ಹಮ್ರಾಕುಲ್ ಬಹಳ ಯೋಚಿಸಿ, "ಸಿಕ್ಕಿದ್ದು" ಎಂದ.

"ಎಷ್ಟು ದಿನ ಕಾವು ಕೂರುತ್ತೆ?"

"ಬೇಜಾರಾಗೋ ತನಕ."

ಶೋದಮಾನ್ ತಲೆ ಚಚ್ಚಿಕೊಂಡು, ದಿನಾ ಸಂಜೆ ಎರಡು ಗಂಟೆ ಚಾವಣಿಯ ಮೇಲೆ ಕೂತು ನೋಡಿ ಕಲಿಯಬೇಕೆಂದು ಕಟ್ಟಪ್ಪಣೆ ಮಾಡಿದ. ಬೇರೆ ದಾರಿಯಿಲ್ಲದೆ ಹಮ್ರಾಕುಲ್ ಚಹಾದ ಹೂಜಿ ಹಿಡಿದುಕೊಂಡು ಚಾವಣಿ ಏರಿದ.

ಮೊದಲ ವಾರ ಅವನು ಬೈಯುತ್ತ ಕೂತ. ಎರಡನೆಯ ವಾರ ಸುಮ್ಮನೆ ಕೂತ. ಮೂರನೆಯ ವಾರ ಹೆಂಡತಿ ಊಟಕ್ಕೆ ಕರೆದರೆ, ಗಂಡು ಇನ್ನೂ ಮನೆಗೆ ಬಂದಿಲ್ಲ, ಬಂದ ಮೇಲೆ ಇಳಿಯುತ್ತೇನೆ ಎಂದು ಮೇಲಿಂದಲೇ ಹೇಳಿಕಳಿಸಿದ. ಗಂಡು ಹೆಣ್ಣು ಎರಡೂ ಪಾಳಿಯ ಮೇಲೆ ಕಾವು ಕೂರುತ್ತವೆ, ಪಾಳಿ ಬದಲಾಗುವಾಗ ಕೊಕ್ಕು ಬಡಿದು ಒಂದನ್ನೊಂದು ಮಾತಾಡಿಸುತ್ತವೆ ಎಂಬುದನ್ನು ಅವನು ಸನೋಬರಳಿಗೆ ವರದಿ ಮಾಡಿದ. ಗಂಡೂ ಕೂರುತ್ತದೆಯೇ ಎಂದು ಅವಳು ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು. ಅದರ ಫಲವಾಗಿ ಅವತ್ತಿನಿಂದ ಸೀಮೆಕೋಳಿಗೆ ಮೇವು ಹಾಕುವ ಕೆಲಸ ಅವನ ಪಾಲಿಗೆ ಬಂತು.

ಏಪ್ರಿಲ್ ಕೊನೆಯಲ್ಲಿ ಒಂದು ಮಧ್ಯಾಹ್ನ ಆಲಿಕಲ್ಲು ಮಳೆ ಹುಯ್ಯಿತು. ಒಂದೊಂದು ಕಲ್ಲು ಒಂದೊಂದು ಅಕ್ರೋಟಿನಷ್ಟು. ಬೀದಿಯವರೆಲ್ಲ ಕಂಬಳಿ, ರಜಾಯಿ, ಜಮಖಾನೆ ಸಿಕ್ಕಿದ್ದನ್ನು ಎಳೆದುಕೊಂಡು ತಮ್ಮ ತಮ್ಮ ಬಿಳಿ ಕಾರುಗಳಿಗೆ ಹೊದಿಸಲು ಓಡಿದರು. ಸನೋಬರ್ ಹೊರಗೆ ಬಂದು ನೋಡಿದರೆ ಕಪ್ಪು ಕಾರು ಬೆತ್ತಲೆ ನಿಂತು ತಮಟೆಯಂತೆ ಸದ್ದು ಮಾಡುತ್ತಿದೆ. ಗಂಡ ಚಾವಣಿಯ ಮೇಲೆ, ತಲೆಯ ಮೇಲೆ ಕಡಾಯಿ ಬೋರಲು ಹಾಕಿಕೊಂಡು, ಕಂಬವನ್ನೇ ನೋಡುತ್ತ ನಿಂತಿದ್ದಾನೆ. ಗೂಡಿನ ಮೇಲೆ ಹೆಣ್ಣು ಕೊಕ್ಕರೆ ಎರಡೂ ರೆಕ್ಕೆ ಹರಡಿ ಕೂತಿತ್ತು. ಕಲ್ಲು ಬಿದ್ದಾಗಲೆಲ್ಲ ಅದರ ಮೈ ನಡುಗುತ್ತಿತ್ತು, ಆದರೆ ರೆಕ್ಕೆ ಮಡಿಸಲಿಲ್ಲ.

"ಕಾರು ಹಾಳಾಯ್ತಲ್ಲ," ಎಂದಳು ಸನೋಬರ್ ಮಳೆ ನಿಂತ ಮೇಲೆ.

"ಮೊಟ್ಟೆ ಉಳಿದ್ವು," ಎಂದ ಹಮ್ರಾಕುಲ್. ಕಡಾಯಿ ಇನ್ನೂ ತಲೆಯ ಮೇಲೇ ಇತ್ತು.

ಮೇ ಮೊದಲ ವಾರ ಮೂರು ಮರಿಗಳಾದವು. ಹಬ್ಬಕ್ಕೆ ಎರಡು ದಿನವಿದೆ ಎನ್ನುವಾಗ ವಿದ್ಯುತ್ ಕಚೇರಿಯಿಂದ ಫೋನು ಬಂತು. ಬಹಳ ವಿನಯದ ದನಿ. ತಮ್ಮ ಅರ್ಜಿ ಮಂಜೂರಾಗಿದೆ, ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಕ್ರೇನ್ ಗಾಡಿ ಬರುತ್ತದೆ, ಗೂಡು ತೆಗೆದುಹಾಕುತ್ತೇವೆ ಎಂದಿತು.

ಈ ಅರ್ಜಿಯ ಮಾತನ್ನು ನಾವು ಮೊದಲೇ ಹೇಳಬಹುದಿತ್ತು. ಆದರೆ ಬರೆದವನೇ ಮರೆತದ್ದನ್ನು ನಾವಾಗಿ ಎತ್ತುವುದು ಸರಿಯಲ್ಲವೆಂದು ಸುಮ್ಮನಿದ್ದೆವು. ಡಬ್ಬ ಬಡಿದು ಸೋತ ಸಂಜೆ ಹಮ್ರಾಕುಲ್ ಒಂದು ಅರ್ಜಿ ಬರೆದು, ಮೊಹಲ್ಲಾದವರ ಸಹಿ ಹಾಕಿಸಿಕೊಂಡು, ಬುಧವಾರ ವಿದ್ಯುತ್ ಕಚೇರಿಗೆ ಕೊಟ್ಟಿದ್ದ. ಕಚೇರಿಗೆ ಕೊಟ್ಟದ್ದು ಬಾವಿಗೆ ಹಾಕಿದ ಹಾಗೆ ಎಂಬ ಅನುಭವವಿದ್ದುದರಿಂದಲೇ ಮರುದಿನ ತಾನೇ ಏಣಿ ಹತ್ತಿದ್ದು.

ಶುಕ್ರವಾರ ಅವನು ಬಾಡಿದ ಮುಖ ಹೊತ್ತು ಆ ಕಚೇರಿಗೆ ಹೋದ. ಗುಮಾಸ್ತ ಎದ್ದು ನಿಂತು, ಚಹಾ ತರಿಸಿ, ಎರಡೂ ಕೈಯಿಂದ ಕೊಟ್ಟ. ಅರ್ಜಿಗಳು ಸಾಮಾನ್ಯವಾಗಿ ಎರಡು ವರ್ಷ ತೆಗೆದುಕೊಳ್ಳುತ್ತವೆ ಎಂದು ಒಪ್ಪಿಕೊಂಡ. "ಆದ್ರೆ ಗೋಡೆ ಮೇಲೆ ನಿಮ್ಮ ಚಿತ್ರ ನೋಡಿದ್ವಿ ಅಣ್ಣ. ಅಷ್ಟು ದೊಡ್ಡವರ ಅರ್ಜಿ ಕಟ್ಟಿನ ಕೆಳಗೆ ಬಿದ್ದಿರಬಾರದು ಅಂತ ನಮ್ಮ ಸಾಹೇಬರೇ ಎತ್ತಿ ಮೇಲಿಟ್ಟರು."

"ಆ ಚಿತ್ರದ ಕೆಳಗೆ ಏನು ಬರೆದಿತ್ತು, ಓದಿದ್ರಾ?"

"ಇಲ್ಲ. ಹೆಸರು ಮಾತ್ರ ನೋಡಿದ್ವಿ."

ಅರ್ಜಿ ವಾಪಸ್ಸು ಕೊಡಿ ಎಂದು ಹಮ್ರಾಕುಲ್ ಬೇಡಿದ. ಮಂಜೂರಾದ ಅರ್ಜಿ ಹಿಂತೆಗೆದುಕೊಳ್ಳಲು ಮೂವತ್ತು ದಿನ ಬೇಕು, ಇಲ್ಲವೆಂದರೆ ಸಹಿ ಹಾಕಿದವರೆಲ್ಲ ಕೆಲಸ ನಡೆಯುವ ಜಾಗದಲ್ಲಿಯೇ ಒಟ್ಟಿಗೆ ನಿಂತು ಮೇಸ್ತ್ರಿಗೆ ಲಿಖಿತವಾಗಿ ಕೊಡಬೇಕು ಎಂದ ಗುಮಾಸ್ತ. ಸಹಿ ಹಾಕಿದವರು ನಲವತ್ತೊಂದು ಜನ, ಹಾಕಿದ್ದನ್ನು ಅವರೂ ಮರೆತಿದ್ದರು. ನಲವತ್ತೊಂದು ಜನಕ್ಕೆ ಹೇಳುವುದೆಂದರೆ ನಿಜ ಹೇಳುವುದು. ಹಮ್ರಾಕುಲ್ ಆ ದಿನವೆಲ್ಲ ನಲವತ್ತೊಂದು ಬಾಗಿಲ ಮುಂದೆ ಹೋಗಿ, ಒಂದನ್ನೂ ತಟ್ಟದೆ ಮನೆಗೆ ಬಂದ.

ಶನಿವಾರ ತೋಲ್ಜೋರ್ ಬೀದಿ ಗುರುತು ಸಿಗದ ಹಾಗಿತ್ತು. ಕರ್ನಾಯಿ ಎಂಬ ಆಳುದ್ದದ ಕಹಳೆಗಳನ್ನು ಆಕಾಶಕ್ಕೆತ್ತಿ ಊದುವವರು ಬಂದಿದ್ದರು. ಮೂರು ಕೊಪ್ಪರಿಗೆಗಳಲ್ಲಿ ಪುಲಾವು ಬೇಯುತ್ತಿತ್ತು. ಶಾಲೆಯ ಮಕ್ಕಳಿಗೆಂದು ಮಾಡಿಸಿದ ಕೆಂಪು ಕಾಗದದ ಕೊಕ್ಕುಗಳು ಹೆಚ್ಚಾಗಿ ಉಳಿದದ್ದರಿಂದ, ಅಧ್ಯಕ್ಷನಿಂದ ಹಿಡಿದು ಮಶ್ರಾಬನವರೆಗೆ ದೊಡ್ಡವರೆಲ್ಲ ಮೂಗಿಗೆ ಕೊಕ್ಕು ಕಟ್ಟಿಕೊಂಡು ಗಂಭೀರವಾಗಿ ಓಡಾಡುತ್ತಿದ್ದರು. ವೇದಿಕೆಯ ಮೇಲೆ ಹಾಕಿಮರ ಸಹಾಯಕರು, ಪಕ್ಕದಲ್ಲಿ ದಿಲ್ರಬೋ, ಅವಳ ಪಕ್ಕದಲ್ಲಿ ಹಮ್ರಾಕುಲ್, ಅವನ ಹಿಂದೆ ಮಾತು ತಪ್ಪಿದರೆ ತಿದ್ದಲು ಶೋದಮಾನ್.

ಹನ್ನೊಂದಕ್ಕೆ ಸರಿಯಾಗಿ ಕ್ರೇನ್ ಗಾಡಿ ಬಂತು. ಜಗತ್ತಿನಲ್ಲಿ ಸರಿಯಾದ ಹೊತ್ತಿಗೆ ಬಂದ ಸರ್ಕಾರಿ ವಾಹನ ಅದೊಂದೇ ಇರಬೇಕು. ಮೇಸ್ತ್ರಿ ಪೋಲಾತ್ ದಪ್ಪ ಮೀಸೆಯ, ಕಡಿಮೆ ಮಾತಿನ ಮನುಷ್ಯ. ಜನ ಗಾಡಿಯನ್ನು ಕಾರ್ಯಕ್ರಮದ ಒಂದು ಭಾಗವೆಂದು ತಿಳಿದು ದಾರಿ ಬಿಟ್ಟರು. ಹಾಕಿಮರ ಸಹಾಯಕರು ಚಪ್ಪಾಳೆಯನ್ನೂ ತಟ್ಟಿದರು. ಗಾಡಿಯ ತೋಳು ಮೇಲೇರತೊಡಗಿತು. ತುದಿಯ ಬುಟ್ಟಿಯಲ್ಲಿ ನಿಂತವನ ಕೈಯಲ್ಲಿ ಕೊಕ್ಕೆಯಿತ್ತು. ಗೂಡಿನ ಅಂಚಿನಲ್ಲಿ ಮೂರು ಬೂದು ತಲೆಗಳು ಎದ್ದು, ಇದೇನು ತಿನ್ನಲು ಬಂತೆಂದು ಬಾಯಿ ತೆರೆದವು.

ಹಮ್ರಾಕುಲ್ ಎದ್ದ. ಧ್ವನಿವರ್ಧಕದ ಮುಂದೆ ಬಂದ.

"ಮೇಸ್ತ್ರಿ, ನಿಲ್ಲಿಸಪ್ಪ," ಎಂದ. "ಗೂಡು ಕೀಳಿ ಅಂತ ಅರ್ಜಿ ಬರೆದೋನು ನಾನೇ. ಅವತ್ತು ಏಣಿ ಹತ್ತಿದ್ದೂ ಕೀಳೋಕೇ. ಇಷ್ಟು ದಿನ ಸುಮ್ನಿದ್ದೆ. ನನ್ನ ಕಾರಿನ ಮೇಲೆ ಹೇಲ್ತಿತ್ತು, ಅಷ್ಟಕ್ಕೇ."

ಕಹಳೆಯೊಂದು ಅರ್ಧ ಊದಿ ನಿಂತಿತು. ಶೋದಮಾನ್ ಹಿಂದಿನಿಂದ ಬಗ್ಗಿ, ಮಹಾತ್ಮರು ಹೀಗೆಯೇ ಊರಿನ ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳುವುದು ಎಂದು ಸಹಾಯಕರ ಕಿವಿಯಲ್ಲಿ ಹೇಳಿದ. ಸಹಾಯಕರು ಕಣ್ಣೊರೆಸಿಕೊಂಡರು. ಕೆಳಗಿನಿಂದ ಯಾರೋ, ಎಷ್ಟು ದೊಡ್ಡ ಮನಸ್ಸು ಎಂದರು. ಹಮ್ರಾಕುಲ್ ಕಂಗಾಲಾಗಿ, ನಿಜ ಹೇಳುತ್ತಿದ್ದೇನೆ, ಮಶ್ರಾಬನನ್ನು ಕೇಳಿ ಎಂದ. ಮಶ್ರಾಬ್ ಕೊಕ್ಕು ಸರಿಮಾಡಿಕೊಂಡು, ಒಲೆಯಲ್ಲಿ ನಾನ್ ಸೀಯುತ್ತಿದೆಯೆಂದು ಹಿಂದೆ ಸರಿದ.

ಅವನನ್ನು ಕಾಪಾಡಿದವನು ಪೋಲಾತ್. ಮೇಸ್ತ್ರಿ ಜೇಬಿನಿಂದ ಅರ್ಜಿ ತೆಗೆದು ಬಿಡಿಸಿ, "ಇವರೊಬ್ಬರೇ ಅಲ್ಲ, ನಲವತ್ತೊಂದು ಸಹಿ ಇದೆ," ಎಂದು ಓದತೊಡಗಿದ. "ಮೊದಲನೇದು ಅತಾಖಾನ್, ಅಧ್ಯಕ್ಷರು. ಮೊಹರೂ ಇದೆ. ಎರಡನೇದು ಮಶ್ರಾಬ್, ನಾನ್ ಅಂಗಡಿ."

ಮಶ್ರಾಬ್ ನಿಂತಲ್ಲೇ ನಿಂತ. ಮೂರನೆಯದು ಶಾಲೆಯ ಮುಖ್ಯೋಪಾಧ್ಯಾಯರದು. ನಾಲ್ಕನೆಯದು ಕಹಳೆಯವನದು. ಹೆಸರು ಕೂಗಿದ ಹಾಗೆಲ್ಲ ಗುಂಪಿನಲ್ಲಿ ಒಂದೊಂದು ಮೂಗಿನಿಂದ ಕೆಂಪು ಕೊಕ್ಕು ಕೆಳಗಿಳಿಯಿತು.

"ನಾನು ಯಾವ ಕಾಗದಾನೂ ಓದಿ ಸಹಿ ಮಾಡಿದೋನಲ್ಲ," ಎಂದ ಅತಾಖಾನ್, ಅಭಿಮಾನಕ್ಕೆ ಪೆಟ್ಟು ಬಿದ್ದವನಂತೆ. "ಅದು ಇಡೀ ಜಿಲ್ಲೆಗೆ ಗೊತ್ತು."

ಹಮ್ರಾಕುಲ್ ತಲೆ ತಗ್ಗಿಸಿ ದಿಲ್ರಬೋಳ ಮುಂದೆ ನಿಂತ. ಅವಳ ಮುಖ ಕೆಂಪಾಗಿತ್ತು.

"ಹಾಗಾದ್ರೆ ನಿಮ್ಮ ಕೈಲಿದ್ದ ಆ ಕಡ್ಡಿಗಳು?"

"ಕಿತ್ತಿದ್ದು."

"ಮತ್ತೆ ವಾಪಸ್ ಇಟ್ರಲ್ಲ."

"ನೀವು ನೋಡ್ತಿದ್ರಲ್ಲ ತಾಯಿ, ಅದಕ್ಕೆ."

"ಈಗ ಮೈಕ್ ಮುಂದೆ ನಿಂತು ಹೇಳಿದ್ದು? ಇದು ಯಾರಿಗೋಸ್ಕರ?"

ಹಮ್ರಾಕುಲ್ ಕಂಬದ ಕಡೆ ನೋಡಿದ. ಅವಳೂ ನೋಡಿದಳು. ಆಮೇಲೆ ಅವಳು ತನ್ನ ಕಾರ್ಯಕ್ರಮ ಪಟ್ಟಿಯನ್ನು ತಿರುವಿ, ಖಾಲಿ ಬೆನ್ನನ್ನು ಮೇಲೆ ಮಾಡಿ, ಪೆನ್ನಿನ ಜೊತೆ ಅವನ ಕೈಗಿತ್ತಳು.

ಸಹಿ ಹಾಕಿದವರೆಲ್ಲ ಸಾಲಾಗಿ ನಿಂತರು. ಸಾಲು ಕೊಪ್ಪರಿಗೆಗಳನ್ನು ಬಳಸಿ ಬೀದಿಯ ತಿರುವಿನವರೆಗೂ ಹೋಯಿತು. ಜೀವನದಲ್ಲಿ ಮೊದಲ ಸಲ ಅತಾಖಾನ್ ಸಹಿಗೆ ಮುಂಚೆ ಓದಿದ, ಅದೂ ಎರಡು ಸಲ. ಇಬ್ಬರು ಜ್ವರದಿಂದ ಮಲಗಿದ್ದರು. ಅವರನ್ನು ಮಂಚದ ಸಮೇತ ಹೊತ್ತು ತಂದರು. ಸಹಾಯಕರು ಇದೂ ಊರಿನ ಹಳೆಯ ಪದ್ಧತಿಯೇ ಎಂದು ಕೇಳಿ, ಅಧ್ಯಕ್ಷನಿಂದ ಹೌದೆನ್ನಿಸಿಕೊಂಡು, ಸಾಲಿನ ಕೊನೆಯಲ್ಲಿ ನಿಂತು ತಾವೂ ಒಂದು ಸಹಿ ಹಾಕಿದರು. ಬುಟ್ಟಿಯಲ್ಲಿ ನಿಂತವನನ್ನು ಇಳಿಸಲು ಯಾರಿಗೂ ನೆನಪಾಗಲಿಲ್ಲ. ಅವನು ಅಲ್ಲಿಯೇ ನಿಂತು ಪುಲಾವಿನ ವಾಸನೆ ಕುಡಿಯುತ್ತಿದ್ದ.

ಪೋಲಾತ್ ಕಾಗದವನ್ನು ಮೇಲಿಂದ ಕೆಳಗೆ ಪರೀಕ್ಷಿಸಿದ. ಸಹಿಗಳೆಲ್ಲ ಸರಿ, ಆದರೆ ಹಿಂತೆಗೆದುಕೊಳ್ಳುವುದಕ್ಕೆ ಕಾರಣ ಬರೆದಿಲ್ಲ, ಕಾರಣವಿಲ್ಲದ ಕಾಗದವನ್ನು ತಾನು ಒಯ್ಯುವ ಹಾಗಿಲ್ಲ ಎಂದ.

ಇದರ ಮೇಲೆ ದೊಡ್ಡ ಚರ್ಚೆಯಾಯಿತು. ಪ್ರಕೃತಿಯ ಸಮತೋಲನ ಎಂದು ಬರೆಯಲಿ ಎಂದರು ಮುಖ್ಯೋಪಾಧ್ಯಾಯರು. ಹಾಕಿಮರ ಸಹಾಯಕರ ಮಾರ್ಗದರ್ಶನದಂತೆ ಎಂದು ಬರೆಯಬೇಕೆಂದು ಅತಾಖಾನ್ ಪಟ್ಟು ಹಿಡಿದ. ಪುಲಾವು ತಳ ಹಿಡಿಯುತ್ತಿದೆ, ಏನಾದರೂ ಬರೆದು ಮುಗಿಸಿ ಎಂದಳು ಸನೋಬರ್. ಹಮ್ರಾಕುಲ್ ಪೆನ್ನು ತೆಗೆದುಕೊಂಡು, ತೂಕದ ಚೀಟಿ ಬರೆಯುವ ದುಂಡು ಅಕ್ಷರದಲ್ಲಿ ಒಂದು ಸಾಲು ಬರೆದು ಕೊಟ್ಟ.

ಪೋಲಾತ್ ಓದಿದ. "ಕಾರಣ: ಕೊಕ್ಕರೆ ಒಪ್ಪಲಿಲ್ಲ."

ಮೀಸೆಯ ಕೆಳಗೆ ಅವನ ತುಟಿ ಒಂದಿಷ್ಟು ಅಲುಗಿತು. ಇದೆಂಥ ಕಾರಣ, ಕಚೇರಿಯಲ್ಲಿ ಯಾರು ನಂಬುತ್ತಾರೆ ಎಂದು ಕೇಳಲು ಬಾಯಿ ತೆರೆದು, ಸುಮ್ಮನೆ ಮೇಲೆ ನೋಡಿದ. ಅಲ್ಲಿ ಗಂಡು ಕೊಕ್ಕರೆ ಗದ್ದೆಯಿಂದ ಬಂದು ಬುಟ್ಟಿಯ ಅಂಚಿನ ಮೇಲೆ ಇಳಿದಿತ್ತು. ಬುಟ್ಟಿಯಲ್ಲಿದ್ದವನ ಮುಖಕ್ಕೆ ಮುಖ ಕೊಟ್ಟು, ಕತ್ತು ಹಿಂದಕ್ಕೆಳೆದು, ಬೀದಿಗೆಲ್ಲ ಕೇಳುವ ಹಾಗೆ ಕೊಕ್ಕು ಬಡಿಯುತ್ತಿತ್ತು. ಅವನು ಕೊಕ್ಕೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ತಪ್ಪಾಯಿತೆಂಬಂತೆ ನಿಂತಿದ್ದ.

ಪೋಲಾತ್ ಕಾಗದವನ್ನು ಮಡಿಸಿ ಜೇಬಿಗಿಟ್ಟ. "ಪರಿಶೀಲಿಸಲಾಗಿದೆ ಅಂತ ಕೆಳಗೆ ನಾನೇ ಬರೀತೀನಿ," ಎಂದು ಹೇಳಿ, ಪುಲಾವಿನ ಕಡೆ ನಡೆದ.